ನೂರಕ್ಕೆ ಮೂರೂವರೆ

ಚಪ್ಪಲಿ ಹೊರಗೇ ಬಿಡಿ. ವಿಜಯಪುರದ ಅಥಣಿ ರಸ್ತೆಯ ಈ ಬಟ್ಟೆ ಅಂಗಡಿಯಲ್ಲಿ ಇನ್ನೂ ಗಾದಿಯ ಮೇಲೆ ಕೂತೇ ಸೀರೆ ನೋಡುವುದು. ಬಿಳಿ ಹಾಸು ಪಾದಕ್ಕೆ ತಣ್ಣಗೆ ತಾಗುತ್ತದೆ. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೇರುತ್ತದೆ, ಜೊತೆಗೆ ಗಲ್ಲಾದ ಮೇಲಿನ ಊದಿನಕಡ್ಡಿ, ಲಾರಿ ಹಾದಾಗಲೆಲ್ಲ ಒಳಗೆ ನುಗ್ಗುವ ರಸ್ತೆಯ ಧೂಳು. ಇವತ್ತು ನವೆಂಬರ್ 23, ಭಾನುವಾರ. ನಿಮ್ಮ ತಂಗಿಯ ಮದುವೆಗೆ ಇನ್ನು ಹನ್ನೆರಡೇ ದಿನ. ಬೀಗರು ಬಬಲೇಶ್ವರದವರು. ಆಯೇರಿಗೆ ಹನ್ನೊಂದು ಸೀರೆ, ಆರು ಶರ್ಟ್ ಪೀಸು, ನಾಲ್ಕು ಧೋತರ ಎಂದು ಅವ್ವ ಬೆಳಿಗ್ಗೆ ಬೆರಳು ಮಡಿಚಿ ಮಡಿಚಿ ಲೆಕ್ಕ ಒಪ್ಪಿಸಿದ್ದಾಳೆ.

ಅಂಗಡಿಯ ಹುಡುಗ ನಿಮ್ಮ ಮುಂದೆ ಒಂದು ಕ್ಯಾಟಲಾಗ್ ಬಿಚ್ಚುತ್ತಾನೆ. ಸೂರತ್ತಿನದು. ಎಂಟು ಪುಟ, ಎಂಟು ಬಣ್ಣ, ಎಲ್ಲದರಲ್ಲೂ ಅದೇ ಹುಡುಗಿ ಅದೇ ನಗು. ನುಣುಪು ಹಾಳೆಗೆ ನಿಮ್ಮ ಬೆರಳಿನ ಬೆವರು ಅಂಟುತ್ತದೆ. ಇದು ಬೀಗಿತಿಗೆ, ಇದು ಅತ್ತೆಮ್ಮನಿಗೆ, ಇದು ಸೋದರತ್ತೆಗೆ, ಅವಳಿಗೆ ಹಗುರದ್ದು ಕೊಟ್ಟರೆ ಮುನಿಸಿಕೊಳ್ಳುತ್ತಾಳೆ. ನಿಮಗಾಗಿ ನೀವು ಏನನ್ನೂ ಎತ್ತಿಕೊಳ್ಳುವುದಿಲ್ಲ. ಒಂದು ಗಂಟೆಯ ನಂತರ ಕಾಲು ಜೋಮು ಹಿಡಿದಿರುತ್ತದೆ. ಕ್ಯಾಲ್ಕುಲೇಟರಿನಲ್ಲಿ 24,180 ಬರುತ್ತದೆ. ಮಾಲೀಕರು 180 ಬಿಡುತ್ತಾರೆ.

ಈಗ ಎದೆ ಸ್ವಲ್ಪ ಜೋರಾಗಿ ಹೊಡೆದುಕೊಳ್ಳುತ್ತದೆ. ಇದೇ ರಸ್ತೆಯಗುಂಟ ಹೋದರೆ ಸಿಗುವ ಹಳ್ಳಿಯೊಂದರ ಕಾಲೇಜಿನಲ್ಲಿ ನೀವು ಅತಿಥಿ ಉಪನ್ಯಾಸಕಿ. ಎರಡು ತಿಂಗಳ ಗೌರವಧನ ಕೈಗೆ ಬಂದಿಲ್ಲ. ಮಾಲೀಕರಿಗೆ ನಿಮ್ಮ ಮುಖ ಓದುವುದು ಗೊತ್ತು. ಗಾದಿಯ ಕೆಳಗಿನಿಂದ ಕೆಂಪು ಬಟ್ಟೆ ಕಟ್ಟಿನ ಖಾತೆ ಪುಸ್ತಕ ಎಳೆಯುತ್ತಾರೆ. "ಉದ್ರಿ ಬರೀಲೇನ್ರಿ ಅಕ್ಕಾರ? ನಿಮ್ಮ ಅಪ್ಪಾರ ಖಾತೆ ಇಲ್ಲೇ ಇತ್ತು. ಯುಗಾದಿ ಮಟ ಬಡ್ಡಿ ಇಲ್ಲ, ಆಮ್ಯಾಲ ನೂರಕ್ಕ ಎರಡು."

ದನಿ ತಗ್ಗಿಸಿ ಹೇಳಿದರೂ ಪಕ್ಕದ ಗಾದಿಯ ಹೆಂಗಸರು ಕತ್ತು ತಿರುಗಿಸುತ್ತಾರೆ. ನಿಮ್ಮ ಕಿವಿ ಬಿಸಿಯಾಗುತ್ತದೆ. ಎಂ.ಎ. ಓದಿ, ಪಾಠ ಹೇಳಿ, ಇನ್ನೂ ಅಪ್ಪನ ಹಾಗೆ ಉದ್ರಿ ಪುಸ್ತಕದಲ್ಲಿ ಹೆಸರು ಬರೆಸಬೇಕೇ?

ಪರ್ಸಿನಲ್ಲಿ ಕಾರ್ಡಿದೆ. ಹೋದ ತಿಂಗಳು ದೊಡ್ಡ ಬಟ್ಟೆ ಮಳಿಗೆಯೊಂದರ ಬಾಗಿಲಲ್ಲಿ ಟೇಬಲ್ ಹಾಕಿಕೊಂಡು ಕೂತಿದ್ದ ಹುಡುಗ ಮಾಡಿಸಿಕೊಟ್ಟದ್ದು. ಆಧಾರ್, ಪ್ಯಾನ್, ಫೋನಿಗೆ ಬಂದ ಓಟಿಪಿ, ಒಂದು ಸೆಲ್ಫಿ. "50 ದಿನ ಬಡ್ಡಿ ಇಲ್ರಿ ಅಕ್ಕಾರ" ಅಂದಿದ್ದ. ಅದನ್ನು ಹೊರಗೆ ತೆಗೆಯುತ್ತೀರಿ. ಮೆಷಿನ್ ಸಣ್ಣಗೆ ಕೂಗುತ್ತದೆ. ನಾಲ್ಕು ಅಂಕಿ ಒತ್ತುವಾಗ ಇನ್ನೊಂದು ಕೈ ಮರೆ ಹಿಡಿಯುತ್ತದೆ. ಚೀಟಿ ಬೆಚ್ಚಗೆ ಹೊರಬರುತ್ತದೆ. ಯಾರೂ ನಿಮ್ಮನ್ನು ನೋಡಲಿಲ್ಲ, ಯಾರೂ ಬಡ್ಡಿಯ ಮಾತು ಎತ್ತಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಮೈ ಹಗುರಾಗಿದೆ.

ಮದುವೆ ಚೆನ್ನಾಗಿಯೇ ಆಗುತ್ತದೆ. ಸೋದರತ್ತೆ ಸೀರೆಯ ಸೆರಗು ಬೆಳಕಿಗೆ ಹಿಡಿದು ನೋಡಿ ತಲೆದೂಗುತ್ತಾಳೆ.

ಡಿಸೆಂಬರ್ 12ರ ಬೆಳಿಗ್ಗೆ ನೀವು ಬಸ್ಸಿನಲ್ಲಿದ್ದೀರಿ. ಕಿಟಕಿಯಿಂದ ಬರುವ ಗಾಳಿ ಚಳಿಗೆ ಕೆನ್ನೆ ಕೊಯ್ಯುತ್ತದೆ. ಕಂಡಕ್ಟರ್ ಕೊಟ್ಟ ಮಹಿಳೆಯರ ಉಚಿತ ಟಿಕೆಟ್ ಬೆರಳ ಸಂದಿಯಲ್ಲಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ದಿನಾ ಎರಡು ಇಂಥವು ನಿಮ್ಮ ಪರ್ಸಿಗೆ ಸೇರುತ್ತವೆ. ದರದ ಜಾಗದಲ್ಲಿ ಸೊನ್ನೆ. ಆ ಸೊನ್ನೆ ಯಾವತ್ತೂ ಮಾತು ತಪ್ಪಿಲ್ಲ. ತೊರವಿ ದಾಟುತ್ತಿದೆ, ಮಹಿಳಾ ವಿಶ್ವವಿದ್ಯಾಲಯದ ಹುಡುಗಿಯರು ಇಳಿದ ಮೇಲೆ ಬಸ್ಸು ಖಾಲಿಯಾಗಿದೆ. ಎರಡೂ ಕಡೆ ಮೊಣಕಾಲೆತ್ತರದ ಬಿಳಿಜೋಳ. ಫೋನು ತೊಡೆಯ ಮೇಲೆ ನಡುಗುತ್ತದೆ.

ಒಟ್ಟು ಬಾಕಿ 24,000. ಕನಿಷ್ಠ ಬಾಕಿ 1,200. ಕೊನೆಯ ದಿನ ಜನವರಿ 1.

ನಿಮ್ಮ ಕಣ್ಣು ಯಾವ ಅಂಕಿಯ ಮೇಲೆ ನಿಲ್ಲುತ್ತದೆ? ನನಗೆ ಗೊತ್ತು, 1,200ರ ಮೇಲೆ. ಅದು ಕೈಗೆಟುಕುವ ಅಂಕಿ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಸಾಲ ತೀರಲು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಿಡಿಯುತ್ತದೆ, ಬಡ್ಡಿಗೆ ಬಡ್ಡಿ ಕೂಡುತ್ತದೆ. ರಿಸರ್ವ್ ಬ್ಯಾಂಕ್ 2022ರ ತನ್ನ ನಿರ್ದೇಶನದಲ್ಲಿ ಪ್ರತಿ ಬಿಲ್ಲಿನ ಮೇಲೂ ಅಚ್ಚಾಗಲೇಬೇಕು ಎಂದ ಎಚ್ಚರಿಕೆ ಅದು. ಅಚ್ಚಾಗಿದೆ. ಇಂಗ್ಲಿಷಿನಲ್ಲಿದೆ, ಬಸ್ಸು ಕುಲುಕುತ್ತಿದೆ, ಫೋನಿನ ಗಾಜು ಬಿರುಕು ಬಿಟ್ಟಿದೆ. ನೀವು ಪರದೆ ಆರಿಸಿ ಕಿಟಕಿಯ ಹೊರಗೆ ನೋಡುತ್ತೀರಿ.

ವರ್ಷದ ಕೊನೆಯಲ್ಲೂ ಗೌರವಧನ ಬರುವುದಿಲ್ಲ. ಜನವರಿ 1ರ ರಾತ್ರಿ ಅಡುಗೆಮನೆಯಲ್ಲಿ ನಿಂತು ಖಾತೆ ನೋಡುತ್ತೀರಿ: 6,300 ಇದೆ. 1,200 ಕಟ್ಟಲೋ? ಅದು ಮನಸ್ಸಿಗೆ ಒಗ್ಗುವುದಿಲ್ಲ, ಕೈಯಲ್ಲಾದಷ್ಟು ತೀರಿಸುವ ಮನೆತನ ನಿಮ್ಮದು. ಹಾಲಿನವನು, ಗ್ಯಾಸು, ಮಗನ ಟ್ಯೂಷನ್ ಎಲ್ಲ ಕಳೆದು 4,000 ಒತ್ತುತ್ತೀರಿ. ಹಸಿರು ಗುರುತು ಮೂಡುತ್ತದೆ. ಉಳಿದದ್ದು 20,000, ಮುಂದಿನ ತಿಂಗಳು ನೋಡೋಣ. ಕೇಳಿದ್ದಕ್ಕಿಂತ ಮೂರು ಪಟ್ಟು ಕೊಟ್ಟಿದ್ದೀರಿ. ಆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ.

ಐದರಂದು ಸಿದ್ಧೇಶ್ವರ ಜಾತ್ರೆಗೆಂದು ಮಗನಿಗೆ ಪ್ಯಾಂಟು, ಅಂಗಿ, ಅವ್ವನಿಗೊಂದು ಇಳಕಲ್. ಮೂರು ಸಾವಿರ. ಮತ್ತೆ ಅದೇ ಕಾರ್ಡು. 50 ದಿನ ಇದೆಯಲ್ಲ.

ಈಗ ಜನವರಿ 12, ಸೋಮವಾರ ರಾತ್ರಿ. ನಾಳೆ ಭೋಗಿ. ಪಕ್ಕದ ಮನೆಯಲ್ಲಿ ಸಜ್ಜೆ ರೊಟ್ಟಿ ಬಡಿಯುವ ಸದ್ದು ಗೋಡೆ ದಾಟಿ ಬರುತ್ತಿದೆ, ತಪ್ ತಪ್ ತಪ್, ಹೆಂಚಿನ ಮೇಲೆ ಸಿಡಿಯುವ ಎಳ್ಳಿನ ಘಮ ಓಣಿ ತುಂಬಿದೆ. ನೀವು ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದೀರಿ. ಫೋನು ನಡುಗುತ್ತದೆ. ತೆರೆಯುತ್ತೀರಿ.

24,386 ರೂಪಾಯಿ 31 ಪೈಸೆ.

ಬೇರೆ ಯಾರದೋ ಬಿಲ್ ಬಂದಿದೆ. ಹೆಸರು ನೋಡುತ್ತೀರಿ, ನಿಮ್ಮದೇ. ಗಂಟಲು ಒಣಗುತ್ತದೆ. ನಾಲ್ಕು ಸಾವಿರ ಕೊಟ್ಟೆ, ಮೂರು ಸಾವಿರ ತಗೊಂಡೆ. ಹಾಗಾದರೆ 23,000 ಇರಬೇಕು. ಈ 1,386 ಎಲ್ಲಿಂದ ಬಂತು? ಪುಟ ಸರಿಸುತ್ತೀರಿ, ಬೆರಳು ನಡುಗಿ ಎರಡು ಪುಟ ಒಟ್ಟಿಗೆ ಹಾರುತ್ತವೆ. ಹಿಂದೆ ಬರುತ್ತೀರಿ. ಎರಡು ಸಾಲು ಸಿಗುತ್ತವೆ. ಬಡ್ಡಿ 1,174.84. ಅದರ ಮೇಲೆ ಶೇಕಡ 18 ಜಿಎಸ್‌ಟಿ 211.47.

ಬಡ್ಡಿಗೂ ತೆರಿಗೆಯೇ? ಹೌದು, ಕಾರ್ಡಿನ ಬಡ್ಡಿಗೆ ಇದೆ.

ಮಗನ ಗಣಿತದ ನೋಟುಬುಕ್ಕು ತಂದು ಕೊನೆಯ ಹಾಳೆ ತೆರೆಯುತ್ತೀರಿ. ಬಿಲ್ಲಿನಲ್ಲಿ ತಿಂಗಳಿಗೆ ಶೇಕಡ 3.5 ಎಂದಿದೆ. ಇಪ್ಪತ್ತು ಸಾವಿರಕ್ಕೆ ಒಂದು ತಿಂಗಳಿಗೆ 700 ಆಗಬೇಕು. ಅದೂ ಗಡುವು ದಾಟಿ ಹನ್ನೊಂದೇ ದಿನ, 250ರ ಸುತ್ತ ಇರಬೇಕಿತ್ತು. ತಾಳೆಯಾಗುವುದಿಲ್ಲ. ಮತ್ತೆ ಮಾಡುತ್ತೀರಿ. ಪೆನ್ಸಿಲ್ ಮೊನೆ ಮುರಿಯುತ್ತದೆ. ರೊಟ್ಟಿ ಬಡಿಯುವ ಸದ್ದು ನಿಂತಿದೆ.

ಆಮೇಲೆ, ಅದೇನು ಹೊಳೆಯಿತೋ, ದಿನಗಳನ್ನು ಜನವರಿ 1ರಿಂದಲ್ಲ, ನವೆಂಬರ್ 23ರಿಂದ ಎಣಿಸುತ್ತೀರಿ. ನವೆಂಬರಿನ ಏಳು, ಡಿಸೆಂಬರಿನ ಮೂವತ್ತೊಂದು, ಜನವರಿಯ ಹನ್ನೆರಡು. ಐವತ್ತು. ಇಪ್ಪತ್ತು ಸಾವಿರಕ್ಕೆ ವರ್ಷಕ್ಕೆ ಶೇಕಡ 42ರಂತೆ ಐವತ್ತು ದಿನಕ್ಕೆ 1,150 ರೂಪಾಯಿ 68 ಪೈಸೆ. ಮಗನ ಅಂಗಿಗೆ, ಅವ್ವನ ಸೀರೆಗೆ ಕೊಂಡ ದಿನದಿಂದಲೇ ಏಳು ದಿನದ ಬಡ್ಡಿ 24 ರೂಪಾಯಿ 16 ಪೈಸೆ. ಕೂಡಿಸಿದರೆ ಪೈಸೆ ಸಹಿತ ಸರಿಹೋಗುತ್ತದೆ.

ಹೊಟ್ಟೆಯೊಳಗೆ ತಣ್ಣಗಿನದೇನೋ ಜಾರಿದಂತಾಗುತ್ತದೆ. ಲೆಕ್ಕ ತಪ್ಪಿದ್ದರೆ ಜಗಳ ಮಾಡಬಹುದಿತ್ತು. ಲೆಕ್ಕ ಸರಿಯಿದೆ. ಆ 50 ದಿನದ ಮಾತಿಗೆ ಒಂದು ಬಾಲವಿತ್ತು: ಬಾಕಿಯನ್ನು ಪೂರ್ತಿ ತೀರಿಸಿದರೆ ಮಾತ್ರ. ಸ್ವಲ್ಪ ಉಳಿಸಿಕೊಂಡಿರೋ, ಉಳಿದದ್ದಕ್ಕೆ ಬಡ್ಡಿ ಗಡುವಿನಿಂದಲ್ಲ, ಗಾದಿಯ ಮೇಲೆ ಕೂತು ನಾಲ್ಕು ಅಂಕಿ ಒತ್ತಿದ ಆ ಗಳಿಗೆಯಿಂದ ಹಿಡಿದು ಬರುತ್ತದೆ. ಹಳೆಯ ಬಾಕಿ ಇರುವತನಕ ಹೊಸ ಖರೀದಿಗೆ ಒಂದು ದಿನದ ವಿನಾಯಿತಿಯೂ ಇಲ್ಲ. ಐವತ್ತು ದಿನವೂ ಎಲ್ಲರಿಗೂ ಸಿಗುವಂಥದ್ದಲ್ಲ. ಬಿಲ್ಲು ತಯಾರಾದ ಮರುದಿನ ಕೊಂಡವರಿಗೆ ಅಷ್ಟು. 23ಕ್ಕೆ ಕೊಂಡ ನಿಮಗೆ ಇದ್ದದ್ದು ಮೂವತ್ತೊಂಬತ್ತು. ಇವನ್ನೆಲ್ಲ ಉದಾಹರಣೆ ಸಮೇತ ತಿಳಿಸಿ ಹೇಳಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿರ್ದೇಶಿಸಿತ್ತು. ಟೇಬಲ್ಲಿನ ಹುಡುಗ ಹೇಳಲಿಲ್ಲ. ನೀವು ಕೇಳಲಿಲ್ಲ.

ನೂರಕ್ಕೆ ಮೂರೂವರೆ. ಬಾಯಿಬಿಟ್ಟು ಅಂದು ನೋಡಿ. ಗಾದಿಯ ಮಾಲೀಕರು ನೂರಕ್ಕೆ ಎರಡು ಅಂದಾಗ ನಾಚಿಕೆಯಾಗಿತ್ತು. ಓಣಿಯಲ್ಲಿ ಯಾರಾದರೂ ನೂರಕ್ಕೆ ಮೂರೂವರೆ ತಿನ್ನುತ್ತಾರೆಂದರೆ ಅವರ ಮನೆಯ ಮುಂದೆ ಹಾಯಲು ಜನ ಹಿಂಜರಿಯುತ್ತಾರೆ. ಕರ್ನಾಟಕದ 1961ರ ಲೇವಾದೇವಿ ಕಾಯ್ದೆಯಡಿ ಲೈಸೆನ್ಸು ಪಡೆದ ಸಾಹುಕಾರ ಅಡವಿಲ್ಲದ ಸಾಲಕ್ಕೆ ವರ್ಷಕ್ಕೆ ಶೇಕಡ 16 ಮೀರುವಂತಿಲ್ಲ. ಬ್ಯಾಂಕಿನ ಕಾರ್ಡಿಗೆ ಆ ಕಟ್ಟಿಲ್ಲ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಕಾರ್ಡಿನ ಬಡ್ಡಿ ಶೇಕಡ 30 ದಾಟಬಾರದೆಂದು ಹೇಳಿತ್ತು. ಅದನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 20ರಂದು ರದ್ದುಮಾಡಿತು. ನೋಟುಬುಕ್ಕಿನ ಹಾಳೆಯ ಮೇಲೆ 16, 30, 42 ಎಂದು ಒಂದರ ಕೆಳಗೊಂದು ಬರೆದು ನೀವು ಬಹಳ ಹೊತ್ತು ನೋಡುತ್ತ ಕೂಡುತ್ತೀರಿ.

ನೀವೊಬ್ಬರೇ ಮೋಸಹೋದವರೆಂದು ಅನ್ನಿಸುತ್ತಿದೆ ಅಲ್ಲವೇ? ಬ್ರಿಟನ್ನಿನಲ್ಲಿ ಬಟ್ಟೆಯ ಕ್ಯಾಟಲಾಗು ನೋಡಿ ಸಾಲದ ಖಾತೆಯಲ್ಲಿ ಕೋಟು, ಬೂಟು ತರಿಸಿಕೊಂಡವರಿಗೂ ಹೀಗೇ ಆಗಿದೆ. ಈಗ ಕೊಳ್ಳಿ, ಆಮೇಲೆ ಕೊಡಿ ಅಂದ ಕಂಪನಿಗಳು ಗಡುವಿನೊಳಗೆ ಪೂರ್ತಿ ತೀರದಿದ್ದರೆ ಕೊಂಡ ದಿನಕ್ಕೆ ಹಿಂದೆ ಹೋಗಿ ಬಡ್ಡಿ ಹಾಕುತ್ತಿದ್ದವು, ಆಗಲೇ ತೀರಿಸಿದ ಪಾಲಿನ ಮೇಲೂ. ಗಡುವಿನೊಳಗೆ ಕಟ್ಟಿದ ಹಣದ ಮೇಲೆ ಹಾಗೆ ಬಡ್ಡಿ ಹಾಕುವುದನ್ನು ಅಲ್ಲಿನ ನಿಯಂತ್ರಕರು 2019ರ ನವೆಂಬರ್ 12ರಿಂದ ನಿಲ್ಲಿಸಿದರು. ಅಷ್ಟು ದೂರದ ಯಾವುದೋ ಅಡುಗೆಮನೆಯಲ್ಲೂ ಒಬ್ಬಳು ಹೀಗೆ ಮಗನ ನೋಟುಬುಕ್ಕು ಹಿಡಿದು ಕೂತಿರಬೇಕು.

ಬೆಳಿಗ್ಗೆ ಕಾಲೇಜಿನ ಹಿಂದಿನ ಬೇವಿನ ಮರದ ಕೆಳಗೆ ನಿಂತು ಕಸ್ಟಮರ್ ಕೇರಿಗೆ ಫೋನು ಹಚ್ಚುತ್ತೀರಿ. ಹದಿನಾಲ್ಕು ನಿಮಿಷ ಸಂಗೀತ. ಕಿವಿ ಬೆವರುತ್ತದೆ. ಕೊನೆಗೆ ಬೆಂಗಳೂರಿನ ಕನ್ನಡದಲ್ಲಿ ಒಬ್ಬಳು ಸಿಗುತ್ತಾಳೆ, ಒಳ್ಳೆಯ ಹುಡುಗಿ, ದನಿಯಲ್ಲಿ ದಣಿವಿದೆ. "ಮೇಡಂ, ಫುಲ್ ಅಮೌಂಟ್ ಕಟ್ಟಿದ್ರೆ ಮಾತ್ರ ಇಂಟರೆಸ್ಟ್ ಫ್ರೀ. ನೀವು ಪಾರ್ಷಿಯಲ್ ಕಟ್ಟಿದೀರ." "ಹಂಗಂತ ಯಾರೂ ಹೇಳಲಿಲ್ಲವಾ." "ಟರ್ಮ್ಸ್ ಅಂಡ್ ಕಂಡೀಷನ್ಸಲ್ಲಿದೆ ಮೇಡಂ." ನಿಮ್ಮ ದನಿ ಏರುತ್ತದೆ, ತಟ್ಟನೆ ಇಳಿಯುತ್ತದೆ. ಆ ಹುಡುಗಿಯನ್ನು ಬೈದು ಏನು ಬಂತು. ದೂರು ಬರೆಸಿಕೊಳ್ಳಿ ಎನ್ನುತ್ತೀರಿ, ನಂಬರು ಅಂಗೈಯಲ್ಲಿ ಬರೆದುಕೊಳ್ಳುತ್ತೀರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ದಿನಕ್ಕೆ ಇಪ್ಪತ್ತಾರು ರೂಪಾಯಿಯ ಗಡಿಯಾರ ಓಡುತ್ತಿದೆ, 30 ದಿನ ಅದು ಕಾಯುವುದಿಲ್ಲ.

ಅಂದಿನಿಂದ ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಕೈ ಹಿಂಜರಿಯುತ್ತದೆ. ವಸೂಲಿಯವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ನೀವು ಓದಿದ್ದೀರಿ. ಅದಕ್ಕಾಗಿಯೇ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದೂ ಗೊತ್ತು. ನಿಮ್ಮದು ಅಂಥ ಸಾಲವಲ್ಲ, ಇನ್ನೂ ಗಡುವೇ ಮುಗಿದಿಲ್ಲ. ಎದೆಗೆ ಅದು ತಿಳಿಯುವುದಿಲ್ಲ.

ಕೊರಳಲ್ಲಿ ಬೋರಮಾಳವಿದೆ. ಮದುವೆಯಲ್ಲಿ ಅವ್ವ ಹಾಕಿದ್ದು, ಅವಳಿಗೆ ಅವಳವ್ವ ಹಾಕಿದ್ದು. ಪಾಠ ಹೇಳುವಾಗ ಗೊತ್ತಿಲ್ಲದೆ ಅದರ ಗುಂಡು ತಿರುಗಿಸುತ್ತ ನಿಲ್ಲುವುದು ನಿಮ್ಮ ರೂಢಿ. ಸೊಸೈಟಿಯಲ್ಲಿ ಬಂಗಾರದ ಮೇಲೆ ನೂರಕ್ಕೆ ಒಂದು. ಇಪ್ಪತ್ತೈದು ಸಾವಿರಕ್ಕೆ ತಿಂಗಳಿಗೆ 250, ಕಾರ್ಡಿನದು ತೆರಿಗೆ ಸೇರಿ ಸಾವಿರದ ಹತ್ತಿರ. ಲೆಕ್ಕ ಇಷ್ಟು ಸುಲಭವಿದ್ದರೂ ಹದಿನೈದು ದಿನ ತಳ್ಳುತ್ತೀರಿ. ಜಾತ್ರೆ ಮುಗಿಯಲಿ. ಗೌರವಧನ ಬರಬಹುದು. ಇಳಿಬಿಸಿಲಲ್ಲಿ ಒಬ್ಬರೇ ಕೂತಾಗ ಗುಂಡನ್ನು ಬೆರಳಲ್ಲಿ ತಿರುಗಿಸುತ್ತೀರಿ.

ಜನವರಿ 28, ಬುಧವಾರ. ಸೊಸೈಟಿಯ ಕಟ್ಟಿಗೆಯ ಕೌಂಟರ್. ಕೊಂಡಿ ಬಿಚ್ಚಲು ಹೋದರೆ ಬರುವುದಿಲ್ಲ, ಕೂದಲು ಸಿಕ್ಕಿ ಚುರ್ರೆನ್ನುತ್ತದೆ. ಅಕ್ಕಸಾಲಿಗ ಒರೆಗಲ್ಲಿಗೆ ತಿಕ್ಕುತ್ತಾನೆ, ಆ ಸಪ್ಪಳಕ್ಕೆ ಹಲ್ಲು ಜುಮ್ಮೆನ್ನುತ್ತದೆ. ತಕ್ಕಡಿಯ ತಟ್ಟೆಯಲ್ಲಿ ಅದು ಎಷ್ಟು ಸಣ್ಣದಾಗಿ ಕಾಣುತ್ತದೆ! ಮ್ಯಾನೇಜರು ಬಡ್ಡಿ, ಅವಧಿ ಎರಡನ್ನೂ ಗಟ್ಟಿಯಾಗಿ ಓದಿ ಹೇಳಿ ಸಹಿ ಹಾಕಿಸಿಕೊಳ್ಳುತ್ತಾರೆ. ಅಲ್ಲೇ ನಿಂತು ಕಾರ್ಡಿಗೆ 24,386 ರೂಪಾಯಿ 31 ಪೈಸೆ ಕಟ್ಟುತ್ತೀರಿ. ಹಸಿರು ಗುರುತು. ಹೊರಗೆ ಬಂದರೆ ಕೊರಳಿಗೆ ಗಾಳಿ ತಾಗುತ್ತದೆ. ಸೆರಗನ್ನು ಸುತ್ತಿ ಹೊದೆಯುತ್ತೀರಿ. ಹದಿನೈದು ದಿನ ಹಾಗೇ ಹೊದ್ದಿರುತ್ತೀರಿ, ಅವ್ವ ಕೇಳಬಾರದೆಂದು.

ಫೆಬ್ರವರಿ 12. ಸಂಜೆಯ ಬಸ್ಸು ಊರ ಕಡೆ ಬರುತ್ತಿದೆ. ತಿಕೋಟಾ ಸೀಮೆಯಲ್ಲಿ ದ್ರಾಕ್ಷಿ ಕೊಯ್ಲು ಹತ್ತಿದೆ. ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಅಂತಸ್ತಂತಸ್ತಾಗಿ ಹಸಿರು ಬಲೆ, ಅದರ ಮೇಲೆ ಹರವಿದ ಹಣ್ಣು, ಕಿಟಕಿ ತುಂಬ ಹುಳಿಸಿಹಿ ವಾಸನೆ. ಫೋನು ನಡುಗುತ್ತದೆ.

ಬಾಕಿ 499 ರೂಪಾಯಿ 67 ಪೈಸೆ.

ಹಳೆಯ ಮೆಸೇಜು ಮತ್ತೆ ಬಂದಿದೆ. ಇಲ್ಲ, ಇವತ್ತಿನ ತಾರೀಕು. ಕಣ್ಣಿಗೆ ಕತ್ತಲು ಕಟ್ಟಿದಂತಾಗುತ್ತದೆ. ಪೂರ್ತಿ ಕಟ್ಟಿದ್ದೇನೆ. ಪೈಸೆ ಸಹಿತ ಕಟ್ಟಿದ್ದೇನೆ. ಕೊರಳು ಬರಿದು ಮಾಡಿ ಕಟ್ಟಿದ್ದೇನೆ! ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿಯುತ್ತೀರಿ, ಎಂಜಿನ್ನಿನ ನಡುಕ ಅಂಗೈಗೆ ಏರುತ್ತದೆ. ಉಸಿರು ಬಿಡಿ. ದಿನ ಎಣಿಸಿ. ಬಿಲ್ಲು ಜನವರಿ 12ರವರೆಗಿನದು. ನೀವು ಕಟ್ಟಿದ್ದು 28ಕ್ಕೆ. ನಡುವೆ ಹದಿನಾರು ದಿನ, ಜಾತ್ರೆ ಮುಗಿಯಲಿ ಎಂದು ತಳ್ಳಿದ ಅವೇ ದಿನಗಳು. ಇಪ್ಪತ್ತಮೂರು ಸಾವಿರಕ್ಕೆ ಹದಿನಾರು ದಿನದ ಬಡ್ಡಿ 423.45, ತೆರಿಗೆ 76.22. ಬಾಕಿ ಒಮ್ಮೆ ಹಿಂದಕ್ಕೆ ಬಿದ್ದ ಮೇಲೆ ಬಡ್ಡಿ ದಿನದಿಂದ ದಿನಕ್ಕೆ ನಡೆಯುತ್ತದೆ. ಬಿಲ್ಲು ಅದನ್ನು ಒಂದು ದಿನ ತೋರಿಸುತ್ತದೆ ಅಷ್ಟೆ. ಈ ಬಾಲದ ಬಡ್ಡಿಯ ಬಗ್ಗೆ ಅಂದು ಫೋನಿನಲ್ಲಿ ಆ ಹುಡುಗಿಯೂ ಹೇಳಲಿಲ್ಲ.

ಇದನ್ನೂ ಬಿಟ್ಟರೆ? ಗಡುವು ದಾಟಿ ಮೂರು ದಿನ ಕಳೆದರೆ ದಂಡ ಹಾಕಬಹುದು, ಸಾಲದ ಚರಿತ್ರೆಯಲ್ಲಿ ಬಾಕಿದಾರಳೆಂದು ಬರೆಯಬಹುದು. ಐನೂರು ರೂಪಾಯಿಗೆ. ಅಲ್ಲೇ ಕಟ್ಟುತ್ತೀರಿ, 67 ಪೈಸೆ ಸಹಿತ. ಮುಟ್ಟಿದ ಮೆಸೇಜು ಬರುವತನಕ ಪರದೆಯಿಂದ ಕಣ್ಣು ತೆಗೆಯುವುದಿಲ್ಲ. ಬಾಕಿಯ ಜಾಗದಲ್ಲಿ ಸೊನ್ನೆ ಮೂಡುತ್ತದೆ. ಆಮೇಲೆ, ಬಸ್ಸು ಕುಲುಕುತ್ತಿದ್ದ ಹಾಗೆಯೇ, ಕನ್ನಡದಲ್ಲೇ ಒಂದು ಇಮೇಲ್ ಬರೆಯುತ್ತೀರಿ: ಈ ಕಾರ್ಡನ್ನು ಮುಚ್ಚಿ, ದಿನವಾರು ಬಡ್ಡಿ ಲೆಕ್ಕ ಬರವಣಿಗೆಯಲ್ಲಿ ಕೊಡಿ. ಬಾಕಿ ಇಲ್ಲದ ಕಾರ್ಡನ್ನು ಕೇಳಿದ ಏಳು ಕೆಲಸದ ದಿನಗಳಲ್ಲಿ ಮುಚ್ಚಲೇಬೇಕು. ತಡವಾದರೆ ಬ್ಯಾಂಕು ನಿಮಗೆ ದಿನಕ್ಕೆ 500 ರೂಪಾಯಿ ಕೊಡಬೇಕು. ಅದೂ 2022ರ ಅದೇ ನಿರ್ದೇಶನದಿಂದ ಬಂದ ನಿಯಮ. ಕಳಿಸುವ ಮೊದಲು ತಾರೀಕು ಎರಡು ಸಲ ಓದಿಕೊಳ್ಳುತ್ತೀರಿ.

ತೊರವಿಯಲ್ಲಿ ಹುಡುಗಿಯರು ಹತ್ತಿ ಬಸ್ಸು ತುಂಬುತ್ತದೆ. ಸೆಕೆ. ಸೆರಗು ಸಡಿಲಿಸುತ್ತೀರಿ, ಮನೆ ಬಂದರೂ ಮತ್ತೆ ಸುತ್ತಿಕೊಳ್ಳುವುದು ಮರೆಯುತ್ತೀರಿ.

ಅವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಾಳೆ. ತಲೆ ಎತ್ತುತ್ತಾಳೆ. ಕಣ್ಣು ಕೊರಳಿಗೆ ಬಂದು ನಿಲ್ಲುತ್ತದೆ. ಕೈಯಲ್ಲಿನ ಕಾಯಿ ಹಾಗೇ ಉಳಿಯುತ್ತದೆ.

"ಬೋರಮಾಳ ಎಲ್ಲಿ?"

ನೀವು ಪಕ್ಕದಲ್ಲಿ ಕೂಡುತ್ತೀರಿ. ಎದುರು ಮನೆಯವರು ಬಾಗಿಲಲ್ಲೇ ಇದ್ದಾರೆ. ದನಿ ತಗ್ಗಿಸಬೇಕೆಂದು ಅನ್ನಿಸುವುದಿಲ್ಲ.

"ಸೊಸೈಟ್ಯಾಗ ಇಟ್ಟೀನಿ ಬೇ. ಇಪ್ಪತ್ತೈದು ಸಾವಿರಕ್ಕ. ನೂರಕ್ಕ ಒಂದು."

ಅವ್ವ ಕಾಯಿ ಕೆಳಗಿಡುತ್ತಾಳೆ. ಸೆರಗಿಗೆ ಕೈ ಒರೆಸಿಕೊಂಡು, ತುಟಿ ಅಲುಗಿಸುತ್ತ, ಒಂದೊಂದೇ ಬೆರಳು ಮಡಿಚತೊಡಗುತ್ತಾಳೆ.